ಗಂಗಿಯ ಕಿವಿಗೆ ಯಂತ್ರ

ಸೇಡಂ
೧೮ ಆಗಸ್ಟ್ ೨೦೨೨

ಗೆಳೆಯ ಮಜೀದಸಾಬನಿಗೆ ರೇವಣಪ್ಪನ ಶರಣು ಶರಣಾರ್ಥಿ.

ನಿನ್ನ ಎರಡು ಕಾರ್ಡು ಬಂದು ತಿಂಗಳ ಮೇಲಾಯಿತು. ಉತ್ತರ ಬರಲಿಲ್ಲವೆಂದು ಬೈದುಕೊಂಡಿರುತ್ತೀ. ಬೈದುಕೋ, ತಪ್ಪು ನನ್ನದೇ. ಆದರೆ ಆಲಸ್ಯವಲ್ಲ ದೋಸ್ತ, ಸುಳ್ಳು ಹಿಡಿಯುವ ಕೆಲಸವೇ ಕೈತುಂಬ ಇದೆ. ನಾವಿಬ್ಬರೂ ನೌಕರಿಯಲ್ಲಿದ್ದಾಗ ಊರಿಗೊಬ್ಬ ಮಂತ್ರವಾದಿ ಇರುತ್ತಿದ್ದ. ಈಗ ಎಲ್ಲರ ಜೇಬಿನಲ್ಲೂ ಒಬ್ಬೊಬ್ಬ ಇದ್ದಾನೆ, ಅವನಿಗೆ ದಿನಾ ಚಾರ್ಜ್ ಬೇರೆ ಹಾಕಬೇಕು.

ಇಷ್ಟು ಹತ್ತಿರ ಇದ್ದೂ ಫೋನು ಮಾಡದೆ ಕಾಗದ ಬರೆಯುತ್ತೀರಲ್ಲ ಎಂದು ಶಹಾಬಾದಿನಲ್ಲಿ ನಿನ್ನ ಮನೆಯವರು ನಗುತ್ತಾರಂತೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಸಾಕ್ಷಿಗೆ ಉಳಿಯುತ್ತದೆ ಎಂದು 'ಜರಡಿ' ಶುರುಮಾಡಿದ ದಿನ ನೀನೇ ಅಂದಿದ್ದನ್ನು ಅವರಿಗೆ ಹೇಳು. ಇಬ್ಬರು ನಿವೃತ್ತ ವಿಜ್ಞಾನ ಮಾಸ್ತರರು ತಿಂಗಳಿಗೊಮ್ಮೆ ನಾಲ್ಕು ಪುಟ ಅಚ್ಚು ಹಾಕಿಸಿ, ಹೊಸ ವಿಜ್ಞಾನದ ಹೆಸರಿನಲ್ಲಿ ಬರುವ ಹೊಟ್ಟನ್ನೆಲ್ಲ ಸೋಸಿ ಚೆಲ್ಲುವುದು ಸಣ್ಣ ಮಾತೇನಲ್ಲ. ನೀನು ಸಂಪಾದಕ, ನಾನು ಜರಡಿ ಹಿಡಿಯುವವನು. ಈ ತಿಂಗಳು ಹೊಟ್ಟು ಭಾಳ ಬಂದಿದೆ.

ಮೊದಲು ವಾಡಿಯ ಸುದ್ದಿ. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತನಾದ ಸಂಗಮೇಶ್ವರ ನಿನಗೂ ಗೊತ್ತು. ಅವನು ಅಯಸ್ಕಾಂತದ ಗಾದಿ ತಂದಿದ್ದ. ಮಲಗಿದರೆ ರಕ್ತ ಚುರುಕಾಗುತ್ತದಂತೆ, ಅಂತರಿಕ್ಷಕ್ಕೆ ಹೋಗುವವರು ಇಂಥದರ ಮೇಲೇ ಮಲಗುತ್ತಾರಂತೆ. ನಾನು ಒಂದು ಡಬ್ಬಿ ಗುಂಡುಸೂಜಿ ಒಯ್ದೆ. ಗಾದಿಯ ಮೇಲೆ ಸುರಿದು, ಓಣಿಯವರನ್ನೆಲ್ಲ ಕರೆದು, ಗಾದಿ ಎತ್ತಿ ನಿಲ್ಲಿಸಿದೆ. ಒಂದು ಸೂಜಿ ಅಂಟಿಕೊಂಡಿದ್ದರೆ ಕೇಳು. ಆಮೇಲೆ ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಒಳಗೆ ಫ್ರಿಜ್ಜಿನ ಬಾಗಿಲಿಗೆ ಇರುತ್ತದಲ್ಲ, ಅಂಥ ನಾಲ್ಕು ರಬ್ಬರ್ ಪಟ್ಟಿ. ಜನ ನಕ್ಕಿದ್ದೇ ನಕ್ಕಿದ್ದು. ಸಂಗಮೇಶ್ವರ ಮಾತ್ರ ಹರಿದ ಗಾದಿಯ ಹತ್ತಿಯ ಗುಡ್ಡೆಯ ಮುಂದೆ ಕುಂತು, "ಸರ್, ಇದರ ಮ್ಯಾಲ ಮಲಗಿದಾಗಿಂದ ಮೊಣಕಾಲ ನೋವು ಕಮ್ಮಿ ಆಗಿತ್ರಿ. ಈಗ ನೀವು ಹರದಾಗಿಂದ ಮತ್ತ ಸುರು ಆಗ್ಯದ" ಅಂದ. ನೋವು ಖರೇ, ಗಾದಿ ಸುಳ್ಳು, ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳೋ ಅಂದು ಎದ್ದು ಬಂದೆ. ಈಗ ಕೋಲು ಹಿಡಿದು ನಡೆಯುತ್ತಾನಂತೆ. ಅದಕ್ಕೆ ನಾನೇನು ಮಾಡಲಿ?

ಚಿತ್ತಾಪುರದಲ್ಲಿ ಇನ್ನೊಂದು. ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ರಕ್ತದ ಸಕ್ಕರೆ ಹೇಳುವ ಆ್ಯಪ್. ಔಷಧಿ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಮಂದಿ ಸಾಲಾಗಿ ಬೆರಳಿಟ್ಟು ಕುಂತಿದ್ದರು. ನನ್ನ ಬುತ್ತಿಯಲ್ಲಿದ್ದ ಜೋಳದ ರೊಟ್ಟಿಯ ಚೂರು ಮಡಚಿ ಇಟ್ಟೆ. ನೂರಾ ಹನ್ನೆರಡು ತೋರಿಸಿತು. "ರೊಟ್ಟಿಗೆ ಸಕ್ಕರೆ ಕಾಯಿಲೆ ಇಲ್ಲಪ್ಪಾ, ಆರಾಮ ಅದ, ನಾ ತಿಂತೀನಿ" ಅಂದು ಅವರ ಮುಂದೆಯೇ ತಿಂದೆ. ಎಮ್ಮೆಯ ಕೂಗು ಕೇಳಿ ಅದರ ಮನಸ್ಸಿನ ಮಾತು ಹೇಳುವ ಕೃತಕ ಬುದ್ಧಿ ಬಂದಿದೆ ಎಂದು ಪೇಪರಿನಲ್ಲಿ ಓದಿದೆಯಾ? ಕೃತಕ ಬುದ್ಧಿಗೆ ಕಲಬುರಗಿ ಕನ್ನಡವೇ ತಿಳಿಯುವುದಿಲ್ಲ. ಮೊನ್ನೆ ನಾನು ನನ್ನ ಫೋನಿಗೆ "ಮಳಿ ಬರ್ತದೇನು?" ಎಂದು ಕೇಳಿದರೆ ಮಲೆಮಹದೇಶ್ವರನ ಬೆಟ್ಟಕ್ಕೆ ದಾರಿ ತೋರಿಸಿತು. ಇಂಥದಕ್ಕೆ ಎಮ್ಮೆಯ ಭಾಷೆ ಬರುತ್ತದಂತೆ.

ಇನ್ನು ಮನೆಯ ಸುದ್ದಿ. ಕೊಡ್ಲಿಯ ನನ್ನ ತಂಗಿ ಶಿವಕಾಂತಮ್ಮ ನಿನಗೆ ಗೊತ್ತು, ಹಬ್ಬಕ್ಕೆ ಬಂದಾಗ ನಿನಗೆ ಹೋಳಿಗೆ ಬಡಿಸಿದವಳು. ಅವಳ ಮಗ ಅಮರನಾಥ ಟೆಂಪೋ ಹೊಡೆಯುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ಊರಿನಲ್ಲಿ ಇರುವುದಿಲ್ಲ. ಅವನ ಮಗಳು ಶಿವಗಂಗಾ, ನಾವೆಲ್ಲ ಗಂಗಿ ಅನ್ನುತ್ತೇವೆ, ಹುಟ್ಟಿನಿಂದ ಕಿವುಡಿ. ಈಗ ನಾಲ್ಕು ತುಂಬಿದೆ, ಕಿವಿ ಕೇಳದ್ದಕ್ಕೆ ಮಾತೂ ಬಂದಿಲ್ಲ. ಗಂಗಿ ಎರಡು ವರ್ಷದ ಕೂಸಿದ್ದಾಗ ತಂಗಿ ಕಂಡ ಕಂಡ ಮಂತ್ರವಾದಿಯ ಹತ್ತಿರ ಎತ್ತಿಕೊಂಡು ತಿರುಗಿ, ಕೊರಳಿಗೆರಡು, ತೋಳಿಗೆರಡು, ಸೊಂಟಕ್ಕೊಂದು, ಐದು ಯಂತ್ರ ಕಟ್ಟಿಸಿದ್ದಳು. ಅದೇ ತಾಮ್ರದ ತಗಡು, ಅದೇ ಚೌಕದ ಮನೆ ಕೊರೆದು ಅಕ್ಷರ ಗೀಚಿದ್ದು, ಅದೇ ಕರೀ ದಾರ. ನಾನು ಕೊಡ್ಲಿಗೆ ಹೋಗಿ ಕತ್ತರಿ ತಗೊಂಡು ಐದೂ ಕತ್ತರಿಸಿ ತಿಪ್ಪೆಗೆ ಎಸೆದು, ನನ್ನನ್ನು ಕೇಳದೆ ಈ ಕೂಸಿಗೆ ಮತ್ತೆ ಯಂತ್ರ ಮುಟ್ಟಿಸುವುದಿಲ್ಲ ಅಂತ ತಂಗಿಯಿಂದ ಆಣೆ ಮಾಡಿಸಿಕೊಂಡು ಬಂದಿದ್ದೆ.

ಮೊನ್ನೆ ಅವಳ ಫೋನು. "ಅಣ್ಣಾ, ನಿನ್ನ ಕೇಳದ ಮಾಡಂಗಿಲ್ಲ ಅಂತ ಆಣಿ ಮಾಡೀನಿ ನೋಡು, ಅದಕ್ಕ ಕೇಳಾಕತ್ತೀನಿ. ಗಂಗಿಗ ಯಂತ್ರ ಹಾಕ್ತಾರಂತ. ಕಲಬುರಗಿಗಿ ಕರ್ಕೊಂಡು ಹೋಗಬೇಕಂತ. ಸರ್ಕಾರದ್ದೇ ಅದ, ರೊಕ್ಕ ಕೊಡಾದಿಲ್ಲ. ಅಂಗನವಾಡಿ ಭಾಗ್ಯಜ್ಯೋತಿ ಕಾಗದ ಓದಿ ಹೇಳಿದಳು."

ನನಗೆ ನೆತ್ತಿಗೇರಿತು. "ಮತ್ತ ಯಂತ್ರಾ? ಈ ಸಲ ಯಾವ ಕೈಗಿ ಕಟ್ತಾರ?" ಅಂದೆ.

"ಕಟ್ಟಾದಲ್ಲಣ್ಣಾ. ಕಿವಿ ಹಿಂದ ಕೊಯ್ದು ತಲಿಯಾಗ ಕುಂದರಸ್ತಾರಂತ. ಅದು ಹಾಕಿದ್ರ…"

ನಾನು ಮುಂದೆ ಕೇಳಲಿಲ್ಲ. ಇಷ್ಟು ದಿನ ತೋಳಿಗೆ, ಸೊಂಟಕ್ಕೆ ಕಟ್ಟುತ್ತಿದ್ದವರು ಈಗ ತಲೆ ಕೊಯ್ದು ಒಳಗೇ ಇಡುವಷ್ಟು ಮುಂದುವರಿದಿದ್ದಾರೆ ನೋಡು! ಮೂವತ್ತಾರು ವರ್ಷ ಪಾಠ ಹೇಳಿದ್ದೇನೆ, ಒಳಗಿವಿಯ ಕಿವುಡಿಗೆ ಮದ್ದಿಲ್ಲ. ಹಾಗೆಯೇ ಹೇಳಿದೆ. "ಯಾರರ ಹೇಳಲಿ, ಆಸ್ಪತ್ರಿಯವ್ರೇ ಬಂದು ಹೇಳಲಿ, ಆ ಕಿವಿ ಕೇಳಸಂಗಿಲ್ಲ. ನಿನ್ನ ಕಿವ್ಯಾಗ ಹೂವು ಇಡಾಕತ್ತಾರ. ಮತ್ತ ಯಂತ್ರ ಅಂದಿ ಅಂದ್ರ ನಾ ನಿನ್ನ ಹೊಸ್ತಲ ತುಳಿಯಂಗಿಲ್ಲ."

"ಆತಣ್ಣಾ. ನೀ ಸಾಲಿ ಕಲ್ತಾಂವ ಇದ್ದಿ. ನೀ ಬ್ಯಾಡಂದ್ರ ಬ್ಯಾಡ" ಅಂದಳು. ಹೀಗೆ ಒಂದೇ ಮಾತಿಗೆ ಕೇಳುವ ತಂಗಿಯನ್ನು ಪಡೆಯಲಿಕ್ಕೆ ಪುಣ್ಯ ಬೇಕು.

ಇದರ ಮೇಲೆ ಒಂದು ಅಂಕಣ ಬರೆಯುತ್ತೇನೆ, ಜಾಗ ಇಟ್ಟಿರು. ಮನೆಯವರಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ಆಶೀರ್ವಾದ.

ನಿನ್ನ
ರೇವಣಪ್ಪ


ಸೇಡಂ
೨೫ ಜನವರಿ ೨೦೨೩

ಸಂಪಾದಕ ಸಾಹೇಬರಿಗೆ ಅಂಕಣಕಾರನ ಶರಣು.

ನನ್ನ 'ಸರ್ಕಾರಿ ಯಂತ್ರ' ಐದು ತಿಂಗಳು ನಿನ್ನ ಮೇಜಿನ ಮೇಲೆ ಕೊಳೆತು, ಕೊನೆಗೂ ಅಚ್ಚಾಯಿತಲ್ಲ, ದೊಡ್ಡ ಉಪಕಾರ. ಚಿತ್ತಾಪುರದಲ್ಲಿ ಶಿಕ್ಷಕರ ಸಭೆಯಲ್ಲಿ ನಾನೇ ಓದಿದೆ. "ಹಿಂದೆ ತಾಯಿತ ಕಟ್ಟುವವನು ಸ್ಮಶಾನದ ಕಡೆಯಿಂದ ಬರುತ್ತಿದ್ದ, ಈಗ ಅಂಗನವಾಡಿಯ ಕಡೆಯಿಂದ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಬರುತ್ತಾನೆ" ಎಂಬ ಸಾಲಿಗೆ ಬಂದಾಗ ಹೆಡ್‌ಮಾಸ್ತರರೊಬ್ಬರು ನಕ್ಕು ನಕ್ಕು ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡರು. ಮೂರು ಶಾಲೆಯವರು ಗೋಡೆಗೆ ಹಚ್ಚಲು ಪ್ರತಿ ಕೇಳಿದ್ದಾರೆ.

ಕೊಡ್ಲಿಗೂ ಹತ್ತು ಪ್ರತಿ ಕಳಿಸಿದ್ದೆ. ಅಲ್ಲಿಯ ತಮಾಷೆ ಕೇಳು. ಭಾಗ್ಯಜ್ಯೋತಿ ಓಣಿಯಲ್ಲಿ ಹೋಗುವಾಗ ಜನ ಕಟ್ಟೆಯ ಮೇಲಿಂದ, "ಟೀಚರ್, ನಮ್ ಎಮ್ಮಿ ಹಿಂಡಗೊಡವಲ್ದು, ಒಂದ್ ಯಂತ್ರ ಹಾಕಿಸ್ರಿ" ಅನ್ನುತ್ತಾರಂತೆ. ಒಬ್ಬ ತನ್ನ ಹೆಂಡತಿಯ ಬಾಯಿಗೆ ಒಂದು ಯಂತ್ರ ಬೇಕೆಂದು ಕೇಳಿದನಂತೆ. ಅವಳು ಮನೆ ಮನೆಗೆ ಹೋಗುವುದನ್ನು ಬಿಟ್ಟು, ಬೇರೆ ಊರಿಗೆ ವರ್ಗ ಕೇಳಿದ್ದಾಳಂತೆ. ಹೋಗಲಿ ಬಿಡು. ಇಪ್ಪತ್ತೈದು ವರ್ಷದ ಹುಡುಗಿ, ಸರ್ಕಾರದ ಸಂಬಳ ತಿಂದು ಮೂಢನಂಬಿಕೆ ಹಂಚುತ್ತಾಳೆಂದರೆ ಇಷ್ಟಾದರೂ ಬಿಸಿ ತಟ್ಟಬೇಕು.

ಪ್ರತಿಗಳ ಜೊತೆ ನೀನು ಇಟ್ಟ ಚೀಟಿ ಓದಿದೆ. "ಆ ಹುಡುಗಿ ಹೇಳಿದ ಯಂತ್ರ ನಿಜಕ್ಕೂ ಏನು ಅಂತ ವಿಚಾರಿಸಿದೆಯಾ? ಈಗ ಅಂಥ ಉಪಕರಣಗಳು ಬಂದಿವೆಯಂತೆ, ನನಗೂ ಸರಿಯಾಗಿ ಗೊತ್ತಿಲ್ಲ" ಎಂದು ಬರೆದಿದ್ದೀ. ಅಚ್ಚಾದ ಮೇಲೆ ಅನುಮಾನ ಬಂತೇ ನಿನಗೆ? ವಿಚಾರಿಸುವುದೇನಿದೆ ಮಜೀದ? ಯಂತ್ರ ಅಂದರೆ ಯಂತ್ರ. ವಯಸ್ಸಾದಂತೆ ನೀನು ಮೆತ್ತಗಾಗುತ್ತಿದ್ದೀ. ನಾಳೆ ನೀನೂ ಒಂದು ಅಯಸ್ಕಾಂತದ ಗಾದಿ ತಂದುಕೊಂಡೀಯ, ಹುಷಾರು.

ಗಂಗಿ ಆರಾಮ ಇದ್ದಾಳೆ. ಭಾಳ ಚುರುಕು. ಬಾಗಿಲ ಚಿಲಕ ಅಲುಗಿದ್ದು ಕಣ್ಣಿಗೆ ಬಿದ್ದರೆ ಯಾರೋ ಬಂದರು ಎಂದು ಓಡುತ್ತಾಳೆ. ಕಿವುಡರ ಶಾಲೆಗೆ ಹಾಕಿದರಾಯಿತು ಎಂದು ತಂಗಿಗೆ ಹೇಳಿದ್ದೇನೆ. ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವುದೇ ವೈಜ್ಞಾನಿಕ ಮನೋಭಾವ ಅಲ್ಲವೇ?

ಚಳಿಗೆ ನಿನ್ನ ದಮ್ಮು ಹೇಗಿದೆ? ಹಕೀಮರ ಲೇಹ್ಯ ತಿನ್ನಬೇಡ.

ರೇವಣಪ್ಪ


ಸೇಡಂ
೧೭ ನವೆಂಬರ್ ೨೦೨೪

ಮಜೀದ,

ಶರಣು. ಹೋದ ವರ್ಷವೆಲ್ಲ ಬರೆದವನು ಈ ಹತ್ತು ತಿಂಗಳಿಂದ ನಿನಗೆ ಅಂಕಣವೂ ಇಲ್ಲ, ಕಾಗದವೂ ಇಲ್ಲ. ನೀನು ನಾಲ್ಕು ಸಲ ಬರೆದೆ, ಒಮ್ಮೆ ಖುದ್ದು ಬಂದೆ. ಆವತ್ತು ನಾನು ಮನೆಯಲ್ಲೇ ಇದ್ದೆ. ಇಲ್ಲ ಎಂದು ಹೇಳಿಸಿದೆ. ತಪ್ಪಾಯಿತು, ಕ್ಷಮಿಸು. ಈ ಕಾಗದ ಪೂರ್ತಿ ಓದಿದ ಮೇಲೆ ಕ್ಷಮಿಸುವ ಮನಸ್ಸಾಗದಿದ್ದರೆ ಅದನ್ನೂ ಬರೆದು ತಿಳಿಸು.

ದೀಪಾವಳಿಯ ಎರಡು ದಿನ ಮೊದಲು ಶಿವಕಾಂತಮ್ಮ ಸಂತೆಗೆಂದು ಕಾಳಗಿಗೆ ಹೋಗಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಬುರ್ಖಾ ಮೇಲೆತ್ತಿಕೊಂಡು ಬಾಳೆಹಣ್ಣು ಆರಿಸುತ್ತಿದ್ದಳಂತೆ. ಅವಳ ಮಗಳು ಸ್ವಲ್ಪ ದೂರದಲ್ಲಿ ಬೆನ್ನು ಹಾಕಿ ನಿಂತು ಬಸ್ಸು ನೋಡುತ್ತಿತ್ತು. ಗಂಗಿಯಷ್ಟೇ ವಯಸ್ಸು, ಗಂಗಿಯಷ್ಟೇ ಎತ್ತರ. ಕಿವಿಯ ಮೇಲೆ, ಕೂದಲ ನಡುವೆ, ಒಂದು ದುಂಡನೆಯ ಬಿಲ್ಲೆ ಅಂಟಿಕೊಂಡಿತ್ತು, ಅದರಿಂದ ಸಣ್ಣ ವೈರು. ತಾಯಿ ಹಣ್ಣು ಆರಿಸುತ್ತಲೇ, ಮುಖ ಎತ್ತದೆ, "ಗುಲ್ಶನ್!" ಎಂದು ಕರೆದಳಂತೆ. ಮಗು ಹಿಂದಿರುಗಿ, "ಕ್ಯಾ ಅಮ್ಮೀ?" ಅಂದಿತಂತೆ.

ನನ್ನ ತಂಗಿ ಹತ್ತಿರ ಹೋಗಿ ಕೇಳಿದಳು. ಆ ತಾಯಿ, "ಕಿವಿ ಮಶೀನ್ ಅದರಿ ಅಮ್ಮಾ. ಹುಟ್ಟಿದಾಗಿಂದ ಏನೂ ಕೇಳಸ್ತಿರ್ಲಿಲ್ಲ. ಮೂರ ವರ್ಷದಾಕಿ ಇದ್ದಾಗ ಕಲಬುರಗ್ಯಾಗ ಆಪರೇಶನ್ ಮಾಡಿ ಒಳಗ ಕುಂದ್ರಿಸ್ಯಾರ. ಸರ್ಕಾರದ್ದೇರಿ, ರೊಕ್ಕ ಹತ್ತಿಲ್ಲ. ಆಮ್ಯಾಲ ಎರಡು ವರ್ಷ ಮಾತ ಕಲಸಿದ್ರು. ಈಗ ಮನ್ಯಾಗ ಬಾಯಿ ಮುಚ್ಚಂಗಿಲ್ಲ ನೋಡ್ರಿ" ಎಂದು ನಕ್ಕಳಂತೆ.

ತಂಗಿ ಸಂತೆ ಮಾಡಲಿಲ್ಲ. ಖಾಲಿ ಚೀಲ ಹಿಡಿದುಕೊಂಡು ಮುಂದಿನ ಬಸ್ಸಿಗೆ ನೇರ ಸೇಡಂಗೆ ಬಂದಳು. ಕುರ್ಚಿ ಕೊಟ್ಟರೂ ಕೂಡಲಿಲ್ಲ, ನೆಲದ ಫರಸಿಯ ಮೇಲೆ ಕುಂತಳು. ನೀರು ಕೊಟ್ಟರೆ ಕುಡಿಯಲಿಲ್ಲ. ಕಂಡದ್ದನ್ನೆಲ್ಲ ಹೇಳಿದಳು, ಹೇಳುವಾಗ ಬೈಗುಳ ಇಲ್ಲ, ಅಳು ಇಲ್ಲ. ಕೊನೆಗೆ ಒಂದೇ ಮಾತು ಕೇಳಿದಳು.

"ಅಣ್ಣಾ, ಯಂತ್ರ ಅಂದ್ರ ಮಶೀನೇನು?"

"ಹೌದವ್ವಾ. ಪುಸ್ತಕದ ಕನ್ನಡದಾಗ ಎರಡೂ ಒಂದೇ."

"ಭಾಗ್ಯಜ್ಯೋತಿ ಆ ಕಾಗದದಾಗ ಇದ್ದಂಗ ಓದಿದಳು. ನಾ ಅಕಿ ಓದಿದಂಗ ನಿನಗ ಹೇಳಿದೆ. ಮಶೀನ್ ಅಂತ ಹೇಳಬೇಕಿತ್ತು ಹೌದಿಲ್ಲೋ ಅಣ್ಣಾ? ನಂಗ ತಿಳಿಲಿಲ್ಲ. ಸರ್ಕಾರದವ್ರೂ ಯಂತ್ರ ಕಟ್ಟಾಕತ್ಯಾರ, ಅವರದು ಜಾಸ್ತಿ ತಾಕತ್ತಿಂದು ಇರಬೇಕು ಅಂತ ತಿಳಕೊಂಡೆ."

ನೋಡು ಮಜೀದ, ತಪ್ಪನ್ನು ತಾನೇ ಎತ್ತಿ ತನ್ನ ಉಡಿಗೆ ಹಾಕಿಕೊಂಡಳು. ನಾನು ಬೇಡ ಅನ್ನಲಿಲ್ಲ.

ಹಬ್ಬ ಮುಗಿದ ಮೇಲೆ ಎಲ್ಲರೂ ಕಲಬುರಗಿಗೆ ಹೋದೆವು. ತಂಗಿ, ಅಮರನಾಥ, ಅವನ ಹೆಂಡತಿ, ಗಂಗಿ, ನಾನು. ಅಮರನಾಥನ ಟೆಂಪೋದಲ್ಲೇ ಹೋದದ್ದು. ಆಸ್ಪತ್ರೆಯಲ್ಲಿ ಗಂಗಿಯ ತಲೆಗೆ ವೈರು ಹಚ್ಚಿ, ಕಿವಿಗೆ ಸಪ್ಪಳ ಬಿಟ್ಟು, ಮುಂಜಾನೆಯಿಂದ ಮಧ್ಯಾಹ್ನದ ತನಕ ನೋಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಮ್ಮ ಕಡೆಯವರೇ.

"ಎಷ್ಟ ವರ್ಷ ಆದವ್ರಿ ಕೂಸಿಗಿ?"

"ಆರು ತುಂಬಿ ಐದ ತಿಂಗಳ್ರಿ," ಅಂದಳು ತಾಯಿ.

ಅವರು ಪೆನ್ನು ಕೆಳಗಿಟ್ಟರು. "ಮೊದಲ ಯಾಕ ತರಲಿಲ್ರಿ? ನರ ಚಲೋ ಅದ. ನಾಕು, ನಾಕೂವರಿ ವರ್ಷಕ್ಕ ತಂದಿದ್ರೂ ಮಾತು ಬರ್ತಿತ್ತು. ಯೋಜನಾದಾಗ ಆರರ ಒಳಗ ಇರಬೇಕು, ಅದು ಮುಗೀತು. ಹೊರಗ ಎಲ್ಲ್ಯರ ಮಾಡಿಸಿದ್ರೂ ಸಪ್ಪಳ ಕೇಳಿಸೀತು, ಅದು ಮಾತಂತ ತಲಿಗಿ ತಿಳಿಯಾದು ಭಾಳ ಕಷ್ಟ. ಮಿದುಳು ಮಾತು ಕಲಿಯೋ ವಯಸ್ಸು ಹೋಗ್ಯದರಿ." ಆಮೇಲೆ ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿ, "ಯಾರೂ ಹೇಳಲಿಲ್ಲೇನ್ರಿ ನಿಮಗ? ಅಂಗನವಾಡಿಗಳಿಗಿ ಕಾಗದ ಕಳಿಸಿದ್ದೆವಲ್ಲ" ಅಂದರು.

ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡುತ್ತ ಕುಂತೆ. ಮೂವತ್ತಾರು ವರ್ಷ ಹಲಗೆಯ ಮೇಲೆ ನಾನು ಬರೆದ ಅದೇ ಚಿತ್ರ. ಶಂಖದ ಹಾಗಿನ ಆ ಸುರುಳಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಇನ್‌ಸ್ಪೆಕ್ಟರರು ಹೊಗಳಿದ್ದರು. ಆ ಸುರುಳಿಯ ಒಳಗೆ ತಂತಿ ಬಿಟ್ಟು ನರವನ್ನು ಎಬ್ಬಿಸುವುದನ್ನು ಜಗತ್ತು ಕಲಿತು ಎಷ್ಟೋ ವರ್ಷವಾಗಿತ್ತು.

ತಂಗಿ ಸೆರಗು ಸರಿಮಾಡಿಕೊಂಡು, "ಹೇಳ್ಯಾರ್ರಿ. ನಮಗೇ ತಿಳಿಲಿಲ್ಲ" ಅಂದಳು. ನನ್ನ ಕಡೆ ನೋಡಲಿಲ್ಲ.

ಗಂಗಿ ಆಗ ನನ್ನ ತೊಡೆ ತಟ್ಟಿದಳು. ತಂಗಿಯ ಮನೆಯಲ್ಲಿ ಕೈಸನ್ನೆಯಲ್ಲೇ ಎಲ್ಲರಿಗೂ ಹೆಸರುಂಟು. ಅಜ್ಜಿ ಅಂದರೆ ಮೂಗುತಿಯ ಜಾಗಕ್ಕೆ ಬೆರಳು. ಅಪ್ಪ ಅಂದರೆ ಸ್ಟೇರಿಂಗ್ ತಿರುಗಿಸುವುದು. ನಾನು ಅಂದರೆ ಎರಡು ಬೆರಳಿನ ಕತ್ತರಿ. ದಾರ ಕತ್ತರಿಸಿದ್ದನ್ನು ಯಾರು ಅಭಿನಯಿಸಿ ತೋರಿಸಿದರೋ, ಅದೇ ನನ್ನ ಹೆಸರಾಯಿತು. ಡಾಕ್ಟರಮ್ಮನ ಮುಂದೆ ಎರಡು ಬೆರಳು ಕತ್ತರಿಯಂತೆ ಆಡಿಸಿ, ಬಾಗಿಲು ತೋರಿಸಿ, ಹೊಟ್ಟೆ ಮುಟ್ಟಿಕೊಂಡಳು. ಕತ್ತರಿ ಅಜ್ಜಾ, ಹೊರಗೆ ಹೋಗೋಣ, ಹಸಿವಾಗಿದೆ. ಹೋಗಿ ಇಡ್ಲಿ ಕೊಡಿಸಿದೆ. ಎರಡು ಪ್ಲೇಟು ತಿಂದಳು.

ಕೊಡ್ಲಿಗೆ ಮರಳಿದ ಮೇಲೆ ಅಮರನಾಥ ಬಾಯಿ ಬಿಟ್ಟ. ಸೋದರಮಾವನಿಗೆ ಎದುರು ಮಾತಾಡಿದ ಹುಡುಗನಲ್ಲ ಅವನು. "ಮಾಮಾ, ನಿಮಗ ಗೊತ್ತಿರಲಿಲ್ಲ ಅಂದ್ರ ಗೊತ್ತಿಲ್ಲ ಅಂತ ಅನಬೇಕಿತ್ರಿ. ಅಷ್ಟೇ ಸಾಕಿತ್ತು. ನಾ ಬ್ಯಾರೆಯವ್ರಿಗಿ ಕೇಳ್ತಿದ್ದೆ." ಇಷ್ಟು ಹೇಳಿ ಟೆಂಪೋ ತೊಳೆಯಲಿಕ್ಕೆ ಹೋದ. ಅವನ ಹೆಂಡತಿ ನನಗೆ ಊಟಕ್ಕೆ ಬಡಿಸಿದಳು, ಆದರೆ ಇನ್ನಷ್ಟು ಹಾಕಲೇ ಎಂದು ಒಮ್ಮೆಯೂ ಕೇಳಲಿಲ್ಲ.

ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಬೇಕು, ವಿಜ್ಞಾನ ಶುರುವಾಗುವುದೇ ಅಲ್ಲಿಂದ. ಹತ್ತನೇ ಇಯತ್ತೆಯ ಮಕ್ಕಳಿಗೆ ತರಗತಿಯ ಮೊದಲ ದಿನ ನಾನೂ ನೀನೂ ಹೇಳುತ್ತಿದ್ದ ಮಾತು ಇದು. ಅದನ್ನು ನನಗೇ ಒಬ್ಬ ಟೆಂಪೋ ಡ್ರೈವರ್ ಕಲಿಸಬೇಕಾಯಿತು.

ನನಗೆ ಆ ಕಾಗದ ಬರೆದ ಗುಮಾಸ್ತನ ಮೇಲೂ ಸಿಟ್ಟಿದೆ. ನಮ್ಮಲ್ಲಿ ಹೊಲಿಗೆ ಮಶೀನ್ ಇದೆ, ಹಿಟ್ಟಿನ ಮಶೀನ್ ಇದೆ, ಎಂಟು ವರ್ಷದ ಹುಡುಗಿಯೂ ಮಶೀನ್ ಅನ್ನುತ್ತಾಳೆ. ಯಂತ್ರ ಅಂದರೆ ಈ ಸೀಮೆಯಲ್ಲಿ ಕರೀ ದಾರದ ತಗಡು, ಬೇರೆ ಅರ್ಥವಿಲ್ಲ. ಯಾವನೋ ಎಲ್ಲೋ ಕುಂತು ಶುದ್ಧ ಕನ್ನಡದಲ್ಲಿ 'ಕಿವಿಯೊಳಗೆ ಅಳವಡಿಸುವ ಯಂತ್ರ' ಎಂದು ಅಚ್ಚು ಹಾಕಿಸಿದ, ಅಂಗನವಾಡಿ ಹುಡುಗಿ ಅದನ್ನು ಅಕ್ಷರ ಬಿಡದೆ ಓದಿದಳು, ನನ್ನ ತಂಗಿ ಕೇಳಿದ್ದನ್ನು ಹಾಗೆಯೇ ನನಗೆ ಒಪ್ಪಿಸಿದಳು. ಮೂವರೂ ಸರಿಯಾಗಿಯೇ ಹೇಳಿದರು. ಒಂದು ಶಬ್ದಕ್ಕೆ ಒಂದು ಕೂಸಿನ ಬಾಯಿ ಹೋಯಿತು.

ಆದ್ದರಿಂದ ಮುಂದಿನ 'ಜರಡಿ'ಯಲ್ಲಿ ಈ ನಾಲ್ಕು ಸಾಲು ಹಾಕು, ನನ್ನ ಹೆಸರಿನಲ್ಲಿಯೇ:

"೨೦೨೩ರ ಜನವರಿ ಸಂಚಿಕೆಯ 'ಸರ್ಕಾರಿ ಯಂತ್ರ' ಲೇಖನದಲ್ಲಿ, ಯಂತ್ರ ಎಂಬ ಶಬ್ದವನ್ನು ತಾಯಿತ ಎಂದು ತಿಳಿದು ಬರೆದದ್ದು ತಪ್ಪು. ಅದು ಕಿವುಡು ಮಕ್ಕಳಿಗೆ ಕಿವಿ ಕೊಡುವ ನಿಜವಾದ ಉಪಕರಣ. ಸಣ್ಣ ವಯಸ್ಸಿನಲ್ಲಿಯೇ ಹಾಕಿಸಬೇಕು, ತಡಮಾಡಬಾರದು. ಅಂಗನವಾಡಿ ಕಾರ್ಯಕರ್ತೆ ಭಾಗ್ಯಜ್ಯೋತಿ ಅವರ ಕ್ಷಮೆ ಕೇಳುತ್ತೇನೆ."

ಇದರ ನಂತರ ನಾನು ಅಂಕಣ ಬರೆಯುವುದಿಲ್ಲ. ಒತ್ತಾಯ ಮಾಡಬೇಡ. ಸುಳ್ಳುಗಳೇನೂ ಕಮ್ಮಿಯಾಗಿಲ್ಲ, ಮೊನ್ನೆಯೂ ಒಬ್ಬ ನೀರಿನಿಂದ ಓಡುವ ಬೈಕು ತೋರಿಸಲಿಕ್ಕೆ ಬಂದಿದ್ದ. ಟ್ಯಾಂಕಿನ ಕೆಳಗೆ ಇನ್ನೊಂದು ಪೈಪು ಕಂಡಿತು. ಸುಮ್ಮನೆ ಒಳಗೆ ಬಂದೆ.

ಚಳಿ ಬಿದ್ದಿದೆ, ನಿನ್ನ ದಮ್ಮಿನ ಬಗ್ಗೆ ಕಾಳಜಿ ಇರಲಿ. ಡಾಕ್ಟರು ಹೇಳಿದ ಗುಳಿಗೆ ತಪ್ಪಿಸಬೇಡ. ನಿನ್ನ ಮನೆಯವರಿಗೆ ಶರಣು. ಮೊಮ್ಮಕ್ಕಳು ನೂರು ಕಾಲ ಬಾಳಲಿ, ಕಣ್ಣು ಕಿವಿ ಬಾಯಿ ಎಲ್ಲ ಗಟ್ಟಿಯಾಗಿರಲಿ.

ನಿನ್ನ
ರೇವಣಪ್ಪ

ತಾ.ಕ.: ಮೇಲಿನ ನಾಲ್ಕು ಸಾಲು ಹಾಕಬೇಡ. ಅದೂ ಸುಳ್ಳು. ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಅಂಕಣ ಬರೆದ ದಿನ ನನಗೆ ಗೊತ್ತಿರಲಿಲ್ಲ, ಅದು ಖರೇ. ಆದರೆ ಅಚ್ಚಾಗಿ ಬಂದ ಆ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ, ಭಾಗ್ಯಜ್ಯೋತಿ ಕೊಡ್ಲಿಯಿಂದ ಎರಡು ಬಸ್ಸು ಬದಲಿಸಿ ನನ್ನ ಮನೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತಳು, ನಾನೂ ಕುಂದ್ರು ಅನ್ನಲಿಲ್ಲ. ಸರ್ಕಾರದ ಆ ಕಾಗದ ಕೊಟ್ಟಳು. ಅದರಲ್ಲಿ ಚಿತ್ರವಿತ್ತು. ಕಿವಿಯ ಹಿಂದಿನ ಬಿಲ್ಲೆ, ವೈರು, ಸುರುಳಿಯ ಒಳಗೆ ಹೋದ ತಂತಿ. ನನಗೆ ತಿಳಿಯಲಿಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ, ಆರು ವರ್ಷದೊಳಗೆ ಎಂದಿತ್ತು. ಗಂಗಿಗೆ ಆಗ ನಾಲ್ಕು ವರ್ಷ ಏಳು ತಿಂಗಳು. ಡಾಕ್ಟರಮ್ಮ ಹೇಳಿದ ನಾಲ್ಕೂವರೆ ಅಂದರೆ ಆ ಹೊತ್ತೇ.

"ಸರ್, ನನ್ನ ಮಾತ ಈಗ ಊರಾಗ ಯಾರೂ ಕೇಳವಲ್ರು. ನೀವು ಒಂದ್ ಫೋನ್ ಮಾಡ್ರಿ ಸಾಕು. ನಿಮ್ ತಂಗಿಯವ್ರು ನಿಮ್ ಮಾತ ಮೀರಂಗಿಲ್ಲ" ಅಂದಳು. ತನ್ನನ್ನು ಅಣಕಿಸಿದ್ದರ ಬಗ್ಗೆ ಒಂದು ಅಕ್ಷರ ಎತ್ತಲಿಲ್ಲ. ಮಾಡುತ್ತೇನೆ ಹೋಗವ್ವಾ ಅಂದೆ. ಕೊಡ್ಲಿಯ ಹತ್ತು ಪ್ರತಿ ಆಗಲೇ ಹೋಗಿದ್ದವು. ಮೇಜಿನ ಮೇಲೆ ಸಭೆಗೆಂದು ಇಟ್ಟ 'ಜರಡಿ'ಯ ಇನ್ನೊಂದು ಕಟ್ಟು ಇತ್ತು, ಇನ್ನೂ ದಾರ ಬಿಚ್ಚಿರಲಿಲ್ಲ. ಚಿತ್ತಾಪುರದ ಸಭೆ ನಾಲ್ಕು ದಿನಕ್ಕಿತ್ತು. ಸಭೆ ಒಂದು ಆಗಲಿ ಅಂದುಕೊಂಡೆ. ಸಭೆಯಾಯಿತು, ಜನ ನಕ್ಕರು. ನಗು ಸ್ವಲ್ಪ ತಣ್ಣಗಾಗಲಿ ಅಂದುಕೊಂಡೆ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಏನು ಹೇಳಲಿ ಅಂದುಕೊಂಡೆ. ನಿನಗೆ 'ವಿಚಾರಿಸುವುದೇನಿದೆ' ಎಂದು ಬರೆದದ್ದು ಇದೆಲ್ಲ ತಿಳಿದ ಮೇಲೆ. ಹದಿನೇಳು ತಿಂಗಳು ಸಮಯವಿತ್ತು ಮಜೀದ. ತಂಗಿ ಹದಿನೈದು ದಿನಕ್ಕೊಮ್ಮೆ ಫೋನು ಮಾಡಿ, "ಗಂಗಿಗ ಬ್ಯಾರೆ ಏನರ ಉಪಾಯ ಅದೇನಣ್ಣಾ?" ಎಂದು ಕೇಳುತ್ತಿದ್ದಳು. ಪ್ರತಿ ಸಲ ಇಲ್ಲವ್ವಾ ಅಂದೆ. ಈ ವರ್ಷ ಜೂನಿನಲ್ಲಿ ಗಂಗಿಗೆ ಆರು ತುಂಬಿದ ದಿನ, ನಿನ್ನಲ್ಲಿ ಏನು ಮುಚ್ಚಿಡಲಿ, ಇನ್ನು ಹೇಳುವ ಪ್ರಮೇಯವಿಲ್ಲ ಎಂದು ನನಗೆ ಹಗುರ ಅನಿಸಿತು.

ಇದು ಕೊಡ್ಲಿಯಲ್ಲಿ ಯಾರಿಗೂ ಗೊತ್ತಿಲ್ಲ. ಭಾಗ್ಯಜ್ಯೋತಿ ವರ್ಗವಾಗಿ ಹೋದಳು, ಅವಳೂ ಯಾರಿಗೂ ಹೇಳಿದಂತಿಲ್ಲ.

ನಿನ್ನೆ ತಂಗಿ ಫೋನು ಮಾಡಿದ್ದಳು. ನಾನು ಸರಿಯಾಗಿ ಉಣ್ಣುತ್ತಿಲ್ಲವೆಂದು ಯಾರೋ ಹೇಳಿದರಂತೆ, ಗಾಬರಿಯಾಗಿದ್ದಳು. "ಅಣ್ಣಾ, ನೀ ಮನಸ್ಸಿಗಿ ಹಚ್ಕೋಬ್ಯಾಡ. ನಿಂಗೇನ ಗೊತ್ತಿತ್ತು? ಗೊತ್ತಿದ್ರ ನೀ ಬಿಡ್ತಿದ್ದೇನು, ಗಂಗಿನ ನೀನೇ ಎತ್ಕೊಂಡು ಓಡತಿದ್ದಿ. ನಂಗ ಗೊತ್ತದ" ಅಂದಳು.

ನಾನು ಹೂಂ ಅಂದೆ.